ಮೈಸೂರಿನ ಕೋಟೆಯೂ ಅರಮನೆಯೂ

ಮೈಸೂರು ನಗರದ ಈಶಾನ್ಯ ಭಾಗದ ಉದಯಗಿರಿಯಿಂದ ಅರಮನೆಯನ್ನು ನೋಡಲು ಹೊರಟವರು ನಜರಬಾದಿನ ಮಗ್ಗುಲಲ್ಲಿ ಹಾದುಬರುವರು. ಊರಿನವರಿಗೆ ಅದು ಈಗ ಒಂದು ಮೊಹಲ್ಲದ ಹೆಸರು ಮಾತ್ರ. ಹೊರಗಿನಿಂದ ಬಂದ ಯಾತ್ರಿಕನಿಗಂತೂ ಅಷ್ಟೂ ಅಲ್ಲ. ಅವನ ಕಣ್ಣು ಆಗಲೇ ಮುಂದೆ ಕಾಣಲಿರುವ ಗೋಪುರವನ್ನು ಅರಸುತ್ತಿರುವುದು. ಆದರೆ ಮೈಸೂರಿನ ಕೋಟೆಯ ವೃತ್ತಾಂತದಲ್ಲಿ ನಜರಬಾದನ್ನು ಬಿಟ್ಟರೆ ಮಧ್ಯದ ಓಲೆಗಳೇ ಕಳೆದುಹೋದಂತೆ. ಟಿಪ್ಪು ಸುಲ್ತಾನನು ಒಡೆಯರ ಹಳೆಯ ಕೋಟೆಯನ್ನೂ ಅದರೊಳಗಿನ ಅರಮನೆಯನ್ನೂ ಕೆಡವಿಸಿ, ಕಲ್ಲುಗಳನ್ನು ಮೂಡಲಿಗೆ ಸುಮಾರು ಒಂದು ಮೈಲಿ ದೂರದ ದಿಣ್ಣೆಗೆ ಸಾಗಿಸಿ, ಅಲ್ಲಿ ನಜರಬಾದೆಂಬ ಹೊಸ ಕೋಟೆಯನ್ನು ಕಟ್ಟತೊಡಗಿದನು. ೧೮೦೦ನೆಯ ಇಸವಿಯಲ್ಲಿ ಈ ಕಡೆ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಎಂಬ ಆಂಗ್ಲ ಸರ್ಕಾರದ ವೈದ್ಯನು, ಕಟ್ಟಡ ಬಹುಮಟ್ಟಿಗೆ ಮೇಲೆದ್ದ ಮೇಲೆ ನೀರಿನ ಯೋಚನೆ ಬಂದುದನ್ನೂ, ಬಂಡೆಯಲ್ಲಿ ಬಾವಿ ತೋಡಿದ ಶ್ರಮ ಫಲಿಸದೆ ಹೋದುದನ್ನೂ ಬರೆದಿಟ್ಟಿದ್ದಾನೆ. ಸುಲ್ತಾನನ ಉದ್ದೇಶವೇನಿತ್ತೆಂಬುದರಲ್ಲಿ ಚರಿತ್ರಕಾರರು ಒಮ್ಮತದಲ್ಲಿಲ್ಲ. ಪ್ರಕೃತ ವಿಷಯಕ್ಕೆ ಅದು ಅವಶ್ಯವೂ ಅಲ್ಲ. ಅವಶ್ಯವಾದುದು ಇಷ್ಟು: ೧೭೯೯ರಲ್ಲಿ ಶ್ರೀರಂಗಪಟ್ಟಣವು ಬಿದ್ದ ಮೇಲೆ ಅದೇ ಕಲ್ಲುಗಳು ಹೋದ ದಾರಿಯಲ್ಲಿಯೇ ಹಿಂದಿರುಗಿ, ಹಳೆಯ ನೆಲೆಯಲ್ಲಿ ಮತ್ತೆ ಕೋಟೆಯಾದುವು.

ಅರಮನೆಯ ಅಂಗಳದಲ್ಲಿ ನಿಂತವನು ಮಾರ್ಗದರ್ಶಿಯನ್ನು ಕೇಳುವ ಮೊದಲನೆಯ ಪ್ರಶ್ನೆ ‘ಇದು ಎಷ್ಟು ಹಳೆಯದು?’ ಎಂಬುದು. ಸರಳವಾಗಿ ತೋರುವ ಈ ಪ್ರಶ್ನೆಗೆ ಇಲ್ಲಿ ಐದಾರು ಉತ್ತರಗಳಿರುವುವು. ಪುರಗೆರೆ ಎಂಬ ಹಳ್ಳಿಯ ನೆಲದಲ್ಲಿ ಹಿರಿಯ ಬೆಟ್ಟದ ಚಾಮರಾಜ ಒಡೆಯರು ಕೋಟೆಯನ್ನು ಕಟ್ಟಿದುದು ೧೫೨೪ರಲ್ಲಿ ಎಂದು ರೂಢಿಯಾಗಿ ಹೇಳುವರು. ೧೬೩೮ರಲ್ಲಿ ಸಿಡಿಲು ಬಡಿದು ಅರಮನೆಯು ಹಾಳಾಗಲು ಕಂಠೀರವ ನರಸರಾಜ ಒಡೆಯರು ಅದನ್ನು ಪುನಃ ಕಟ್ಟಿಸಿದರು. ಟಿಪ್ಪುವಿನ ಕಾಲದಲ್ಲಿ ಅದೂ ನೆಲಕ್ಕೆ ಸಮವಾಯಿತು. ಬಾಲಕರಾದ ಮುಮ್ಮಡಿ ಕೃಷ್ಣರಾಜ ಒಡೆಯರ ಪಟ್ಟಾಭಿಷೇಕಕ್ಕೆ ೧೭೯೯ರಲ್ಲಿ ಮೈಸೂರಿನಲ್ಲಿ ಒಂದು ತಕ್ಕ ಮನೆಯೂ ಇರಲಿಲ್ಲ. ಲಕ್ಷ್ಮೀರಮಣಸ್ವಾಮಿಯ ಗುಡಿಯ ಬಳಿಯಲ್ಲಿ ಹಾಕಿದ ಚಪ್ಪರದಲ್ಲಿ ಆ ಮಹೋತ್ಸವವು ನಡೆಯಿತು. ಆಮೇಲೆ ಅವಸರದಲ್ಲಿ ಎದ್ದ ಮರದ ಅರಮನೆಯು ೧೮೦೩ರ ಹೊತ್ತಿಗೆ ಮುಗಿದು, ತೊಂಬತ್ತು ವರ್ಷಗಳಿಗೆ ಮಿಕ್ಕು ನಿಂತು, ೧೮೯೭ರ ಫೆಬ್ರವರಿಯಲ್ಲಿ ರಾಜಕುಮಾರಿ ಜಯಲಕ್ಷಮ್ಮಣ್ಣಿಯವರ ಮದುವೆಯ ಸಂಭ್ರಮದ ನಡುವೆ ಬೆಂಕಿಗೆ ಆಹುತಿಯಾಯಿತು. ಮಹಾರಾಣಿ ಕೆಂಪನಂಜಮ್ಮಣ್ಣಿ ವಾಣೀವಿಲಾಸ ಸನ್ನಿಧಾನದವರು ರಾಜ್ಯಭಾರವನ್ನು ವಹಿಸಿದ್ದ ಆ ಕಾಲದಲ್ಲಿ ಹೆನ್ರಿ ಇರ್ವಿನ್ನನ ನಕ್ಷೆಯಂತೆ ಆರಂಭವಾದ ಹೊಸ ಕಟ್ಟಡವು ೧೯೧೨ರಲ್ಲಿ ಮುಗಿಯಿತು. ವೆಚ್ಚವಾದುದು ೪೧,೪೭,೯೧೩ ರೂಪಾಯಿಗಳು. ಈಗ ಯಾತ್ರಿಕನು ‘ಪ್ರಾಚೀನ ದುರ್ಗ’ವೆಂದು ಬೆರಗಿನಿಂದ ನೋಡುವ ಭವ್ಯವಾದ ಮುಖಭಾಗವು ಬೆಂಗಳೂರಿನ ಟಾಟಾ ವಿಜ್ಞಾನ ಸಂಸ್ಥೆಯ ಸಮವಯಸ್ಕವೆಂದರೆ ತಪ್ಪಾಗಲಾರದು.

ಈ ಭ್ರಾಂತಿಗೆ ಯಾತ್ರಿಕನನ್ನು ದೂರಿ ಫಲವಿಲ್ಲ. ಸುತ್ತಲೂ ಕೋಟೆ, ಬಾಗಿಲುಗಳಲ್ಲಿ ದೇಗುಲಗಳು, ನಡುವೆ ಗುಮ್ಮಟಗಳು; ಹೊರಗೆ ವಾಹನಗಳ ದಟ್ಟಣೆಯಿಂದ ತುಂಬಿದ ಹೊಸ ನಗರ. ಹಳೆಯದು ಮತ್ತು ಹೊಸದು ಎಂಬ ಗೆರೆಯನ್ನು ಕಣ್ಣು ತಾನಾಗಿಯೇ ಕೋಟೆಯ ಗೋಡೆಯ ಮೇಲೆ ಎಳೆದುಬಿಡುವುದು. ಒಳಗಿನದೆಲ್ಲವೂ ಹಳೆಯದು, ಹೊರಗಿನದೆಲ್ಲವೂ ಹೊಸದು. ಈ ಗೆರೆಯು ಸುಳ್ಳಾದುದರಿಂದ ಎರಡು ಬಗೆಯ ಅನ್ಯಾಯಗಳು ಒದಗಿವೆ. ಅರಮನೆಯನ್ನು ಅದಕ್ಕೆ ಇಲ್ಲದ ಗುಣಕ್ಕಾಗಿ ಹೊಗಳುವರು. ಕೋಟೆಗೆ ಇರುವ ಗುಣವನ್ನು ಯಾರೂ ನೋಡುವುದೇ ಇಲ್ಲ. ವರಾಹ ದ್ವಾರದಲ್ಲಿ ಚೀಟಿ ಕೊಂಡು ಒಳಹೊಕ್ಕ ಜನರಲ್ಲಿ ಗೋಡೆಯ ಬಳಿಗೆ ಹೋಗಿ ಒಂದು ಕಲ್ಲನ್ನು ಮುಟ್ಟಿ ನೋಡಿದವರು ನೂರಕ್ಕೆ ಒಬ್ಬರಿದ್ದರೆ ಹೆಚ್ಚು.

ಕೋಟೆಯನ್ನೇ ಮೊದಲು ನೋಡಬಹುದು. ಹಳೆಯ ಗೆಜೆಟಿಯರುಗಳು ಅದನ್ನು ಚೌಕಾಕಾರದ್ದೆಂದು ವರ್ಣಿಸಿ, ಮೂರು ಪಾರ್ಶ್ವಗಳು ಸುಮಾರು ೪೫೦ ಗಜ, ದಕ್ಷಿಣ ಪಾರ್ಶ್ವವು ಅದಕ್ಕಿಂತ ತುಸು ಉದ್ದ ಎಂದು ಲೆಕ್ಕ ಕೊಟ್ಟಿವೆ. ಒಳಗೆ ಆಗ ರಾಜಪರಿವಾರದವರ ಮನೆಗಳು ಕಿಕ್ಕಿರಿದಿದ್ದುವು; ಈಗಿನ ವಿಶಾಲವಾದ ಹುಲ್ಲುಹಾಸು, ತೋಟ, ಬಯಲು ಇವುಗಳು ಆ ಮನೆಗಳು ತೆರವಾದ ಮೇಲಿನ ಮಾತು. ಮರುಹುಟ್ಟು ಪಡೆದ ಈ ಕೋಟೆಯಲ್ಲಿ ಒಂದು ಸೋಜಿಗವಿದೆ. ಅದು ಎದ್ದುದು ಶ್ರೀರಂಗಪಟ್ಟಣದ ಪತನದ ಮೇಲೆ, ದಿವಾನ್ ಪೂರ್ಣಯ್ಯನವರ ಆಡಳಿತದಲ್ಲಿ, ರಾಜ್ಯದ ರಕ್ಷಣೆಯು ಸಂಧಿಪತ್ರದ ಮೂಲಕ ಆಂಗ್ಲರ ಸೈನ್ಯಕ್ಕೆ ಸೇರಿದ ಕಾಲದಲ್ಲಿ. ಯಾವ ಶತ್ರುವಿನ ಫಿರಂಗಿಗೂ ಎದೆಯೊಡ್ಡಬೇಕಾದ ಅಗತ್ಯವೇ ಇಲ್ಲದ ಕೋಟೆ ಅದು. ಹಾಗಾದರೆ ಅಷ್ಟು ಕಲ್ಲುಗಳನ್ನು ಒಂದು ಮೈಲಿ ಹಿಂದಕ್ಕೆ ಎಳೆಸಿದುದೇಕೆ? ಅರಸನಿರುವಲ್ಲಿ ಕೋಟೆಯಿರಬೇಕು, ಕಳೆದುಹೋದುದು ಮರಳಿತೆಂಬುದು ಪ್ರಜೆಗಳ ಕಣ್ಣಿಗೆ ಕಾಣಬೇಕು ಎಂಬುದೇ ಉತ್ತರವಾಗಿರಬೇಕು. ಕಾವ್ಯಮೀಮಾಂಸಕರ ಮಾತಿನಲ್ಲಿ ಹೇಳುವುದಾದರೆ, ಕೋಟೆಯಲ್ಲಿ ಶಬ್ದವು ಹಾಗೆಯೇ ಉಳಿಯಿತು, ವಾಚ್ಯಾರ್ಥವು ಹೋಯಿತು, ಧ್ವನಿಯೊಂದು ಹೊಸದಾಗಿ ಹುಟ್ಟಿತು.

ಅರಮನೆಯ ವಿಷಯದಲ್ಲಿ ನಡೆದುದು ಇದಕ್ಕೆ ತೀರ ವಿಪರೀತ. ಅಲ್ಲಿ ಶಬ್ದವು ಪೂರ್ತಿಯಾಗಿ ಸುಟ್ಟುಹೋಯಿತು. ಮರದ ಕಂಬಗಳು, ಮರದ ಬೋದಿಗೆಗಳು, ಬಣ್ಣದ ಕೆತ್ತನೆಗಳು ಇವೆಲ್ಲ ಬೂದಿಯಾದುವು. ಶಿಮ್ಲೆಯ ವೈಸರಾಯರ ನಿವಾಸಕ್ಕೂ ಮದರಾಸಿನ ಹಲವು ದೊಡ್ಡ ಕಟ್ಟಡಗಳಿಗೂ ರೂಪ ಕೊಟ್ಟಿದ್ದ ಇರ್ವಿನ್ನನು ಮರದ ಅರಮನೆಯ ಪ್ರತಿಕೃತಿಯನ್ನು ಕಡೆಸಲು ಹೋಗಲಿಲ್ಲ. ಉದ್ದ ೨೪೫ ಅಡಿ, ಅಗಲ ೧೫೬ ಅಡಿ, ನಡುಗೋಪುರದ ಎತ್ತರ ೧೪೫ ಅಡಿ. ಬೂದುಬಣ್ಣದ ಕಣಶಿಲೆಯ ಗೋಡೆ, ಮೂಲೆಗಳಲ್ಲಿ ಕೆಂಪು ಗುಮ್ಮಟಗಳು, ಹಿಂದೂ ಕಂಬಗಳ ಮೇಲೆ ತುರುಕ ಕಮಾನುಗಳು, ಒಳಗೆ ಕಬ್ಬಿಣ ಮತ್ತು ಗಾಜು. ಇನ್ನೊಮ್ಮೆ ಬೆಂಕಿ ಬಿದ್ದರೂ ನಿಲ್ಲಬೇಕೆಂಬ ಎಚ್ಚರವು ಕಟ್ಟಡದಲ್ಲೆಲ್ಲ ಕಾಣುವುದು. ಆದರೆ ಹಳೆಯ ಅರಮನೆಯ ವಿನ್ಯಾಸದ ಮುಖ್ಯವಾದ ಅಂಶಗಳನ್ನು ಅವನು ಬಿಡಲಿಲ್ಲ. ಹಳೆಯ ಮನೆಯಲ್ಲಿ ಪೂರ್ವಕ್ಕೆ ತೆರೆದ ಸಜ್ಜೆಯೆಂಬ ಜಗಲಿಯಿತ್ತು. ದಸರೆಯ ದಿನಗಳಲ್ಲಿ ಅರಸರು ಅಲ್ಲಿ ಸಿಂಹಾಸನಾರೂಢರಾಗಿ ಕೆಳಗಿನ ಬಯಲಲ್ಲಿ ನೆರೆದ ಜನಕ್ಕೆ ದರ್ಶನವೀಯುತ್ತಿದ್ದರು. ಹೊಸ ಅರಮನೆಯಲ್ಲಿಯೂ ಸಜ್ಜೆಯಿದೆ, ತೊಟ್ಟಿಗಳಿವೆ, ಪೂರ್ವಾಭಿಮುಖವಾದ ಆ ನಿಲುವಿದೆ. ನೋಡುವವನ ಮನಸ್ಸಿಗೆ ಈ ಕಟ್ಟಡವು ಒಂದು ಮನೆಯೆನ್ನುವುದಕ್ಕಿಂತ ರಂಗಸ್ಥಳವೆಂದು ತೋರುವುದಕ್ಕೆ ಕಾರಣ ಇದೇ. ಪೂರ್ವದ ಅಂಗಳದಲ್ಲಿ ನಿಂತು ಅಂತಸ್ತು ಅಂತಸ್ತಾಗಿ ಹಿಂದಕ್ಕೆ ಸರಿಯುತ್ತ ಏರುವ ಆ ಮುಖವನ್ನು ನೋಡಿದವರಿಗೆ, ಇದನ್ನು ಕಟ್ಟಿದವನು ನೋಡುವ ಜನವನ್ನೂ ಕಟ್ಟಡದ ಒಂದು ಭಾಗವೆಂದೇ ಎಣಿಸಿದ್ದನೆಂಬುದು ಗೊತ್ತಾಗದಿರದು. ಇಲ್ಲಿ ಉಳಿದುದು ಅರ್ಥ, ಬದಲಾದುದು ಶಬ್ದ.

ಇದರಿಂದ ಕಟ್ಟಡವು ನಿರ್ದೋಷವೆಂದು ತಿಳಿಯಬೇಕಾಗಿಲ್ಲ. ಗುಮ್ಮಟಗಳು ಹೊರಗಿನ ಸಾಲಿಗೆ ಶೋಭೆ ಕೊಟ್ಟರೂ ಒಳಗಿನ ಕೋಣೆಗಳಿಗೂ ಅವಕ್ಕೂ ಸಂಬಂಧ ಅಲ್ಪ. ಅಂಬಾವಿಲಾಸದಲ್ಲಿ ಬಣ್ಣ, ಚಿನ್ನ, ಗಾಜು, ದೀಪ ಇವುಗಳು ಒಂದನ್ನೊಂದು ನೂಕಾಡುತ್ತಿರುವುವು. ಅಲಂಕಾರವನ್ನೇ ಕಾವ್ಯವೆಂದುಕೊಂಡ ಕವಿಯ ಪದ್ಯವನ್ನು ಓದಿದಾಗ ಆಗುವ ಆಯಾಸವೇ ಅಲ್ಲಿ ಕಣ್ಣಿಗೆ ಆಗುವುದು. ಎಂಟು ಮೂಲೆಯ ಕಲ್ಯಾಣಮಂಟಪವು ಅದಕ್ಕಿಂತ ಮೇಲು. ಅದರ ಎರಕದ ಕಬ್ಬಿಣದ ಕಂಬಗಳು ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದ ಕಾರ್ಖಾನೆಯೊಂದರಿಂದ ಬಂದುವು. ಮೈಸೂರಿನ ರಾಜಕುಮಾರಿಯರ ಮದುವೆಗೆ ಗ್ಲಾಸ್ಗೋದ ಕಬ್ಬಿಣವೇ ಎಂದು ನಗಬಹುದಾದರೂ, ಆ ತೆಳ್ಳನೆಯ ಕಂಬಗಳಿಂದಲೇ ನವಿಲುಗಳ ಬಣ್ಣದ ಗಾಜಿನ ಚಾವಣಿಯು ತೇಲುವಂತೆ ನಿಂತಿರುವುದು. ಕಲ್ಲಿಗೆ ಅದು ಸಾಧ್ಯವಿರಲಿಲ್ಲ. ಸುತ್ತಣ ಗೋಡೆಗಳಲ್ಲಿ ದಸರಾ ಮೆರವಣಿಗೆಯ ಇಪ್ಪತ್ತಾರು ಚಿತ್ರಗಳಿವೆ. ೧೯೩೪ರಿಂದ ೧೯೪೫ರವರೆಗೆ ಮೈಸೂರಿನ ಕಲಾವಿದರು ಬರೆದ ಇವುಗಳಲ್ಲಿ ಆನೆ, ಕುದುರೆ, ಸರದಾರರು, ಮನೆಯ ಮಾಳಿಗೆಯ ಮೇಲೆ ನಿಂತ ಹೆಂಗಸರು ಎಲ್ಲರೂ ಇರುವರು. ಕಟ್ಟಡದ ಬಹುಭಾಗವನ್ನು ಓಡುತ್ತ ನೋಡಿದರೂ ಇಲ್ಲಿ ಅರ್ಧ ಗಂಟೆಯಾದರೂ ನಿಲ್ಲತಕ್ಕದ್ದು.

ಕೋಟೆಯೊಳಗಿನ ನಿಜವಾದ ಪ್ರಾಚೀನತೆಯನ್ನು ಅರಸುವವರು ಗುಡಿಗಳ ಕಡೆಗೆ ತಿರುಗಬೇಕು. ಲಕ್ಷ್ಮೀರಮಣಸ್ವಾಮಿಯ ಗುಡಿಯಲ್ಲಿ ವಿಜಯನಗರದ ನರಸನಾಯಕನ ಹೆಸರುಳ್ಳ ೧೪೯೯ರ ಶಾಸನವಿದೆ; ಕೋಟೆಯ ರೂಢಿಯ ವರ್ಷಕ್ಕಿಂತ ಅದು ಇಪ್ಪತ್ತೈದು ವರ್ಷ ಹಿರಿದು. ಆದರೆ ಗುಡಿಗಳಲ್ಲಿಯೂ ಎಚ್ಚರ ಬೇಕು. ದಕ್ಷಿಣದ ಬಾಗಿಲ ಬಳಿಯ ಶ್ವೇತವರಾಹಸ್ವಾಮಿಯ ದೇವಾಲಯದಲ್ಲಿ ಹೊಯ್ಸಳರ ಕೆತ್ತನೆಯ ಕಂಬಗಳನ್ನೂ ಬಾಗಿಲವಾಡವನ್ನೂ ಕಂಡು, ಇಲ್ಲಿ ಹೊಯ್ಸಳರು ಗುಡಿ ಕಟ್ಟಿದ್ದರೆಂದು ನಿರ್ಣಯಿಸಿದರೆ ಮೋಸಹೋದಂತೆಯೇ. ಶಿವಮೊಗ್ಗದ ಸೀಮೆಯಲ್ಲಿ ಹಾಳುಬಿದ್ದ ಹೊಯ್ಸಳ ಕಟ್ಟಡವೊಂದರ ಸಾಮಗ್ರಿಯನ್ನು ತರಿಸಿ ಪೂರ್ಣಯ್ಯನವರು ಇದನ್ನು ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಕಟ್ಟಿಸಿದರು. ಮೂರ್ತಿಯು ತಮಿಳುನಾಡಿನ ಶ್ರೀಮುಷ್ಣದಿಂದ ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಬಂದುದು. ಕಲ್ಲುಗಳ ಪ್ರಯಾಣಕ್ಕೆ ಮೈಸೂರಿನಲ್ಲಿ ಕೊನೆಯೇ ಇಲ್ಲವೋ ಏನೋ! ಆದರೂ ಪೂರ್ಣಯ್ಯನವರು ಮಾಡಿದುದರಲ್ಲಿ ಕಪಟವಿಲ್ಲ. ಹಾಳು ಗುಡಿಯ ಕಂಬವನ್ನು ಪೂಜೆ ನಡೆಯುವ ಗುಡಿಗೆ ತಂದು ನಿಲ್ಲಿಸಿದರೆ ಅದಕ್ಕೆ ಜೀವವೇ ಬಂದಂತೆ ಎಂಬುದು ನಮ್ಮ ದೇಶದ ಹಿಂದಿನ ಭಾವನೆ.

ಜೀರ್ಣೋದ್ಧಾರವೆಂಬ ಶಬ್ದವು ಹುಟ್ಟಿದುದು ಈ ಭಾವನೆಯಿಂದಲೇ. ಜೀರ್ಣವಾದುದನ್ನು ಮೇಲಕ್ಕೆತ್ತುವುದು ಎಂದಷ್ಟೇ ಅದರ ಅರ್ಥ. ಹಿಂದೆ ಇದ್ದಂತೆಯೇ ತೋರಬೇಕೆಂಬ ನಿರ್ಬಂಧ ಅದರಲ್ಲಿಲ್ಲ. ಯೂರೋಪಿನವರ ಪುನರುದ್ಧಾರದ ಕಲ್ಪನೆ ಬೇರೆ. ಫ್ರಾನ್ಸಿನ ವಿಯೊಲೆ-ಲ್ಯ-ಡ್ಯುಕ್ ಎಂಬ ಶಿಲ್ಪಿಯು ೧೮೫೩ರಿಂದ ಕಾರ್ಕಸಾನ್ ಎಂಬ ಮಧ್ಯಯುಗದ ಕೋಟೆಯೂರನ್ನು ಎತ್ತಿ ಕಟ್ಟಿದನು. ಒಂದು ಕಟ್ಟಡವು ಎಂದೂ ಪಡೆದಿರದ ಪೂರ್ಣಸ್ಥಿತಿಯನ್ನು ಸಹ ಅದಕ್ಕೆ ಕೊಡಬಹುದೆಂಬುದು ಅವನ ಮತ. ಅದರಂತೆ ದಕ್ಷಿಣ ಫ್ರಾನ್ಸಿನ ಬುರುಜುಗಳ ಮೇಲೆ ಉತ್ತರ ದೇಶದ ಮಾದರಿಯ ಚೂಪಾದ ಕಲ್ಲುಹಲಗೆಯ ಮಾಡುಗಳು ಏರಿದುವು. ಅವುಗಳ ಮೇಲಿನ ಆಕ್ಷೇಪಣೆಯು ಇಂದಿಗೂ ನಿಂತಿಲ್ಲ. ಇಂಗ್ಲೆಂಡಿನ ರಸ್ಕಿನ್ ೧೮೪೯ರಲ್ಲಿಯೇ ಇಂಥ ಉದ್ಧಾರವನ್ನು ಸುಳ್ಳೆಂದು ಖಂಡಿಸಿದ್ದನು. ವಿಲಿಯಂ ಮಾರಿಸ್ ೧೮೭೭ರಲ್ಲಿ ಹಳೆಯ ಕಟ್ಟಡಗಳನ್ನು ಇದ್ದಂತೆಯೇ ಕಾಪಾಡುವುದಕ್ಕೆಂದು ಒಂದು ಸಂಘವನ್ನೇ ಕಟ್ಟಿದನು. ಜಪಾನಿನ ಓಸಾಕಾ ನಗರದವರು ೧೯೩೧ರಲ್ಲಿ ತಮ್ಮ ಕೋಟೆಯ ನಡುಗೋಪುರವನ್ನು ಕಾಂಕ್ರೀಟಿನಿಂದ ಎಬ್ಬಿಸಿ ಒಳಗೆ ವಸ್ತುಪ್ರದರ್ಶನವನ್ನೂ ಮೇಲೇರಲು ಯಂತ್ರವನ್ನೂ ಇಟ್ಟರು. ಹೊರಗೆ ಷೋಗುನರ ಕಾಲ, ಒಳಗೆ ಇಪ್ಪತ್ತನೆಯ ಶತಮಾನ. ಇವರಿಗೆ ಹೋಲಿಸಿದರೆ ಬೆಂಗಳೂರಿನವರು ಏನನ್ನೂ ಕಟ್ಟಲಿಲ್ಲ. ೧೫೩೭ರ ಕೆಂಪೇಗೌಡನ ಮಣ್ಣಿನ ಕೋಟೆ, ಹೈದರನು ಕಲ್ಲಿನಲ್ಲಿ ಬಲಪಡಿಸಿದ ಕೋಟೆ, ಇವುಗಳಲ್ಲಿ ಈಗ ದಿಲ್ಲಿ ಬಾಗಿಲಿನ ತುಂಡೊಂದು ಮಾರುಕಟ್ಟೆಯ ಗದ್ದಲದ ನಡುವೆ ನಿಂತಿದೆ. ನಿಂತಿರುವಷ್ಟು ನಿಜವಾದುದು, ಆದರೆ ನಿಂತಿರುವುದು ಬಹಳ ಕಡಿಮೆ.

ಹಳಗನ್ನಡ ಗ್ರಂಥಗಳ ಸಂಪಾದನೆಯ ಪರಿಚಯವುಳ್ಳ ವಾಚಕರಿಗೆ ಈ ವಿವಾದವು ಹೊಸದೆನಿಸಲಾರದು. ಮೈಸೂರಿನ ಪ್ರಾಚ್ಯ ಗ್ರಂಥಾಲಯದಲ್ಲಿ ಆರ್. ಶಾಮಶಾಸ್ತ್ರಿಗಳು ಕೌಟಿಲ್ಯನ ಅರ್ಥಶಾಸ್ತ್ರದ ಓಲೆಪ್ರತಿಯನ್ನು ೧೯೦೫ರಲ್ಲಿ ಗುರುತಿಸಿ ೧೯೦೯ರಲ್ಲಿ ಅಚ್ಚುಮಾಡಿದರು. ಒಂದು ಓಲೆ ಹುಳು ಹಿಡಿದು ಅಕ್ಷರ ಕೆಟ್ಟಿದ್ದರೆ ಯೋಗ್ಯನಾದ ಸಂಪಾದಕನು ಏನು ಮಾಡುವನು? ಅಲ್ಲಿ ಗ್ರಂಥಪಾತವೆಂದು ಗುರುತು ಹಾಕುವನು. ಊಹಿಸಿದ ಪಾಠವನ್ನು ಕಂಸದಲ್ಲಿಡುವನು. ಬೇರೆ ಪ್ರತಿಯ ಪಾಠಾಂತರವನ್ನು ಅಡಿಯಲ್ಲಿ ಕೊಡುವನು. ತಾನೇ ಒಂದು ಪದ್ಯವನ್ನು ರಚಿಸಿ ಪಂಪನ ಹೆಸರಿನಲ್ಲಿ ಸೇರಿಸಿದರೆ, ಆ ಪದ್ಯ ಎಷ್ಟು ಸೊಗಸಾಗಿದ್ದರೂ ಅದು ಪ್ರಕ್ಷಿಪ್ತವೇ ಸರಿ. ಅದೇ ಕವಿಯು ಪಂಪನ ಕಥೆಯನ್ನು ತೆಗೆದುಕೊಂಡು ತನ್ನ ಹೆಸರಿನಲ್ಲಿ ಹೊಸ ಕಾವ್ಯವನ್ನು ಬರೆದರೆ ಯಾರೂ ಆಕ್ಷೇಪಿಸರು. ವ್ಯಾಸರ ಕಥೆಯ ಮೇಲೆ ಕನ್ನಡದಲ್ಲಿ ಎಷ್ಟು ಕಾವ್ಯಗಳು ಹುಟ್ಟಿಲ್ಲ! ಇರ್ವಿನ್ನನ ಅರಮನೆಯು ಈ ಎರಡನೆಯ ಜಾತಿಯದು. ಕಥೆ ಹಳೆಯದು, ಕಾವ್ಯ ಹೊಸದು, ಅಂಕಿತ ಅವನದೇ.

ಈ ಭೇದವನ್ನು ಇಷ್ಟು ಬಿಡಿಸಿ ಹೇಳಬೇಕಾಗಿ ಬಂದುದಕ್ಕೆ ಕಾರಣವುಂಟು. ೨೦೧೨ರ ಆಗಸ್ಟಿನಲ್ಲಿ ಅರಮನೆಯಿಂದ ಕೂಗಳತೆಯ ದೂರದಲ್ಲಿರುವ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ನಾಲ್ವರು ಸತ್ತರು. ೨೦೧೬ರ ಆಗಸ್ಟಿನಲ್ಲಿ ದೇವರಾಜ ಮಾರುಕಟ್ಟೆಯ ಒಂದು ಪಾರ್ಶ್ವ ಬಿದ್ದಿತು. ಅಂದಿನಿಂದ ಊರಿನಲ್ಲಿ ಎರಡು ಪಕ್ಷಗಳಾದುವು: ಇರುವುದನ್ನು ದುರಸ್ತಿಮಾಡಿ ಉಳಿಸಬೇಕೆನ್ನುವವರು ಒಂದು ಕಡೆ, ಪೂರ್ತಿಯಾಗಿ ಕೆಡವಿ ಅದೇ ಆಕೃತಿಯಲ್ಲಿ ಹೊಸದಾಗಿ ಕಟ್ಟಬೇಕೆನ್ನುವವರು ಇನ್ನೊಂದು ಕಡೆ. ವ್ಯಾಜ್ಯವು ಉಚ್ಚ ನ್ಯಾಯಾಲಯದವರೆಗೆ ಹೋಯಿತು. ಕೆಡವಬೇಕೆನ್ನುವವರ ವಾದವನ್ನು ತುಚ್ಛವೆಂದು ತಳ್ಳಿಬಿಡುವುದು ನ್ಯಾಯವಲ್ಲ. ಮಳಿಗೆಯಲ್ಲಿ ದಿನವೆಲ್ಲ ಕುಳಿತು ಹೂವು, ತರಕಾರಿ ಮಾರುವವನ ತಲೆಯ ಮೇಲಿನ ತೊಲೆ ಗಟ್ಟಿಯಾಗಿರಬೇಕೆಂಬುದು ಎಲ್ಲಕ್ಕಿಂತ ಮೊದಲನೆಯ ಮಾತು. ಆದರೆ ಅರಮನೆಯೇ ಹೊಸದಾಗಿ ಕಟ್ಟಿದುದಲ್ಲವೆ, ಅದರಿಂದ ಊರಿನ ಕೀರ್ತಿ ಕುಂದಿತೆ ಎಂದು ಅದನ್ನು ನಿದರ್ಶನವಾಗಿ ತರಬಹುದಾದ ವಾದವು ನಿಲ್ಲತಕ್ಕದ್ದಲ್ಲ. ೧೮೯೭ರಲ್ಲಿ ಕೆಡವುವುದಕ್ಕೆ ಏನೂ ಉಳಿದಿರಲಿಲ್ಲ. ಬೆಂಕಿಯು ಆ ಕೆಲಸವನ್ನು ಮುಗಿಸಿತ್ತು. ಕಟ್ಟಿಸಿದವರು ಸುಟ್ಟುದರ ನಕಲನ್ನೂ ಮಾಡಲಿಲ್ಲ. ನಿಂತಿರುವುದನ್ನು ಕೆಡವಿ ಅದರ ವೇಷವನ್ನು ಕಾಂಕ್ರೀಟಿಗೆ ತೊಡಿಸುವವರಿಗೆ ಓಸಾಕಾ ನಿದರ್ಶನವಾದೀತು, ಮೈಸೂರಿನ ಅರಮನೆಯಾಗಲಾರದು.

ಮೈಸೂರಿನಲ್ಲಿಯೇ ನಿದರ್ಶನ ಬೇಕಾದರೆ ಅದಕ್ಕೆ ಕೋಟೆಯ ಗೋಡೆಯೇ ಇದೆ. ೨೦೨೨ರ ಅಕ್ಟೋಬರಿನ ಎಡೆಬಿಡದ ಮಳೆಯಲ್ಲಿ ಅದರ ಒಂದು ಭಾಗ ಜರಿದು ಬಿದ್ದಿತು. ಕಲ್ಲಿನ ಗೋಡೆಗಳಿಗೆ ಶತ್ರುವೆಂದರೆ ನೀರು. ಮೇಲಿನ ಗಾರೆ ಬಿರಿದು ನೀರಿಳಿದರೆ ಒಳಗಿನ ಮಣ್ಣು ಉಬ್ಬಿ ಮುಂದಿನ ಕಲ್ಲನ್ನು ನೂಕುವುದು. ಸಂದಿಯಲ್ಲಿ ಬಿದ್ದ ಅರಳಿಯ ಬೀಜವು ಬೇರುಬಿಟ್ಟು ಉಳಿದುದನ್ನು ಮಾಡುವುದು. ಅವಸರದ ಕೆಲಸಗಾರನು ಇಂಥ ಕಡೆ ಸಿಮೆಂಟನ್ನು ಮೆತ್ತುವನು. ಸುಣ್ಣದ ಗಾರೆಯಂತೆ ಅದು ಉಸಿರಾಡದು. ಒಳಗೆ ಸೇರಿದ ನೀರಿಗೆ ಹೊರಬರಲು ದಾರಿಯಿಲ್ಲದೆ ಪಕ್ಕದ ಕಲ್ಲು ಕೆಡುವುದು. ಮೇಲೆ ನೋಡುವುದಕ್ಕೆ ಮಾತ್ರ ಗೋಡೆ ನುಣುಪಾಗಿ ಹೊಚ್ಚಹೊಸದಾಗಿ ಕಾಣುವುದು, ಅದನ್ನು ಕಂಡು ಸಂತೋಷಪಡುವವರೂ ಉಂಟು.

ಬಿದ್ದ ಗೋಡೆಯ ಕಲ್ಲುಗಳು ಎಲ್ಲಿಗೂ ಹೋಗಿರುವುದಿಲ್ಲ, ಬುಡದಲ್ಲಿಯೇ ಇರುವುವು. ಒಂದೊಂದಕ್ಕೂ ಅಂಕಿ ಹಾಕಿ, ಬೀಳುವ ಮೊದಲಿನ ಚಿತ್ರಗಳೊಡನೆ ತಾಳೆನೋಡಿ, ಸುಣ್ಣದ ಗಾರೆಯಲ್ಲಿ ಅವುಗಳನ್ನೇ ತಿರುಗಿ ಏರಿಸಬಹುದು. ಒಡೆದುಹೋದ ಕಲ್ಲಿನ ಸ್ಥಾನದಲ್ಲಿ ಹೊಸ ಕಲ್ಲನ್ನು ಕೂಡಿಸಬೇಕಾದರೆ ಅದರ ಮೇಲೆ ಇಸವಿಯನ್ನು ಕೊರೆಯುವುದಕ್ಕೆ ಹೆಚ್ಚು ವೆಚ್ಚವಾಗದು. ಸಂಪಾದಕನ ಕಂಸದಂತೆ ಅದು ಮುಂದೆ ನೋಡುವವನಿಗೆ ಗುರುತಾಗಿ ನಿಲ್ಲುವುದು. ಎರಡು ಶತಮಾನಗಳ ಹಿಂದೆ ಎತ್ತಿನ ಗಾಡಿಗಳ ಕಾಲದಲ್ಲಿ ನಜರಬಾದಿನ ದಿಣ್ಣೆಯಿಂದ ಒಂದು ಮೈಲಿ ಹೊರಿಸಿ ತಂದು ಈ ಕಲ್ಲುಗಳನ್ನು ಸ್ವಸ್ಥಾನದಲ್ಲಿ ಇಟ್ಟ ಊರಿನವರಿಗೆ, ಗೋಡೆಯ ಬುಡದಿಂದ ಇಪ್ಪತ್ತು ಅಡಿ ಮೇಲಕ್ಕೆ ಎತ್ತುವುದು ಅಸಾಧ್ಯವೆಂದು ಯಾವ ಇಂಜಿನಿಯರರೂ ಹೇಳಲಾರರು.